ಚೂಡಿ ಹೋದ ತೂತಿಗೆ ಹೊಸ ಬಳೆ

ಸಾಹಿತ್ಯ ಸಂಘದ ಪತ್ರಿಕೆಗೆ ಒಂದು ವಿಜ್ಞಾನ ಲೇಖನ ಬೇಕು, ಆದರೆ ಪಠ್ಯಪುಸ್ತಕದಿಂದ ಎತ್ತಿದ್ದು ಬೇಡ ಎಂದು ಸಂಪಾದಕ ಮಿತ್ರರು ಕೇಳಿದ ದಿನ ನನ್ನ ಕೈಗೆ ಇನ್ನೂ ಗೇರ್ ಆಯಿಲಿನ ವಾಸನೆ ಇತ್ತು. ಬರೆಯುವುದಾದರೆ ಅದನ್ನೇ ಬರೆಯುತ್ತೇನೆ ಅಂದೆ. ಅವರು ನಕ್ಕರು. ಈ ಪತ್ರಿಕೆಯ ಓದುಗರಲ್ಲಿ ಅರ್ಧದಷ್ಟು ಜನ ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಹೈದರಾಬಾದಿಗೆ ಓದಲು ಬಂದವರು. ಊರಿಂದ ತಂದ ಹಳೆಯ ಗಾಡಿ ಹಲವರ ಬಳಿ ಇದೆ. ಪಾನಾ ಹಿಡಿಯುವ ಹುಮ್ಮಸ್ಸು ಎಲ್ಲರಿಗೂ ಇದೆ. ಆದ್ದರಿಂದ ನನ್ನ ತಪ್ಪನ್ನು ಮೊದಲು ಹೇಳಿ, ಆಮೇಲೆ ಪಾಠಕ್ಕೆ ಬರುತ್ತೇನೆ.

ನನ್ನದು ದೊಡ್ಡಪ್ಪನ ಯೆಜ್ಡಿ, 1986ರದು. ದೊಡ್ಡಪ್ಪ ಶಾಲಾ ಮಾಸ್ತರರು. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಗೆ ವರ್ಗವಾದಾಗಲೆಲ್ಲ ಇದೇ ಗಾಡಿಯ ಮೇಲೆ ತಿರುಗಿದವರು. ಈಗ ಮೊಣಕಾಲು ಹಿಡಿದುಕೊಂಡಿದೆ, ಕಿಕ್ ಹೊಡೆಯಲಾರರು. ಗಾಡಿಯ ಕೀಲಿ ನನ್ನ ಕೈಗೆ ಕೊಡುವಾಗ ಹೇಳಿದ್ದು ಒಂದೇ ಮಾತು: "ಏನರ ಬಿಚ್ಚು, ಏನರ ಕಟ್ಟು. ಕೇಸ್ ಮಾತ್ರ ಒಡೀಬ್ಯಾಡ. ಅದರ ಮ್ಯಾಲ ನಂಬರ್ ಅದಾ."

ಈ ಮಾತಿನ ಅರ್ಥ ಆಗ ನನಗೆ ಪೂರ್ತಿ ಆಗಿರಲಿಲ್ಲ. ಎಂಜಿನ್ ನಂಬರನ್ನು ಕ್ರ್ಯಾಂಕ್‌ಕೇಸಿನ ಮೇಲೆಯೇ ಹೊಡೆದಿರುತ್ತಾರೆ, ನೋಂದಣಿ ಪುಸ್ತಕದಲ್ಲಿ ಇರುವುದೂ ಅದೇ ನಂಬರು. ಕೇಸ್ ಕೆಟ್ಟರೆ ಹೊಸದು ತರೋಣ ಎಂದರೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿಹೋಯಿತು. ಈಚೆಗೆ ಜಾವಾ, ಯೆಜ್ಡಿ ಹೆಸರುಗಳು ಮತ್ತೆ ಬಂದಿವೆ ನಿಜ, ಆದರೆ ಅವು ಬೇರೆಯೇ ಎಂಜಿನ್. ಹಳೆಯ ಟೂ-ಸ್ಟ್ರೋಕಿಗೆ ಅವುಗಳ ಕೇಸ್ ಕೂರುವುದಿಲ್ಲ. ಗುಜರಿಯಲ್ಲಿ ಹಳೆಯ ಕೇಸ್ ಸಿಕ್ಕರೂ ಅದರ ಮೇಲೆ ಇನ್ನೊಬ್ಬರ ಗಾಡಿಯ ನಂಬರ್. ಆರ್.ಟಿ.ಓ. ಕಚೇರಿಗೆ ಅರ್ಜಿ, ಓಡಾಟ. ಅಷ್ಟೇ ಅಲ್ಲ, ಕೇಸಿನ ಎಡ ಬಲ ಎರಡು ಹೋಳುಗಳು ಜೋಡಿಯಾಗಿ ಕೊರೆದವು, ಒಂದನ್ನು ಮಾತ್ರ ಬದಲಿಸಿದರೆ ಬೇರಿಂಗುಗಳು ಸರಿಗೆರೆಗೆ ಬರುವ ಭರವಸೆ ಇಲ್ಲ. ಹೀಗೆ ಆರು ಮಿಲಿಮೀಟರಿನ ಒಂದು ತೂತು ಕೆಡುವುದೆಂದರೆ ಗಾಡಿಯ ಅರ್ಧ ಆಯುಷ್ಯಕ್ಕೇ ಬಂತು ಎಂದು ಲೆಕ್ಕ.

ಆ ಭಾನುವಾರ ಹಾಸ್ಟೆಲಿನ ಹಿಂದೆ ಬೇವಿನ ಮರದ ಕೆಳಗೆ ಎಡಗಡೆಯ ಮುಚ್ಚಳ ಬಿಚ್ಚಿ ಕ್ಲಚ್ಚಿನ ಕಾರ್ಕ್ ಪ್ಲೇಟುಗಳನ್ನು ಬದಲಿಸಿದೆ. ಎಲ್ಲ ಸರಿಯಾಯಿತು. ಹೊಸ ಗ್ಯಾಸ್ಕೆಟ್ ಇಟ್ಟು ಮುಚ್ಚಳ ಕೂರಿಸಿ, ಸ್ಕ್ರೂಗಳಿಗೆ ಚೆನ್ನಾಗಿ ಆಯಿಲ್ ಸವರಿ ಬಿಗಿಯುತ್ತ ಬಂದೆ. ಕೊನೆಯದರ ಹತ್ತಿರ ಹನಿ ಆಯಿಲ್ ಜಿನುಗಿತು. ಇನ್ನೊಂದು ಸ್ವಲ್ಪ ಇರಲಿ ಎಂದು ಸ್ಕ್ರೂಡ್ರೈವರಿನ ಚೌಕ ದಂಡಕ್ಕೆ ಪಾನಾ ಹಾಕಿ ಎಳೆದೆ. ಬಿಗಿ, ಬಿಗಿ, ಇನ್ನೂ ಬಿಗಿ, ಆಮೇಲೆ ಒಮ್ಮೆಲೇ ಬೆಣ್ಣೆ. ಅನುಭವಿಸಿದವರಿಗೆ ಆ ಬೆಣ್ಣೆ ಗೊತ್ತು. ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಗುತ್ತದೆ. ಸ್ಕ್ರೂ ಹೊರಗೆ ತೆಗೆದಾಗ ಅದರ ಸುತ್ತುಗಳ ನಡುವೆ ಬೆಳ್ಳಿಯ ಎಳೆಯಂತೆ ಅಲ್ಯೂಮಿನಿಯಂ ಸುತ್ತಿಕೊಂಡಿತ್ತು. ತೂತಿನೊಳಗಿನ ಚೂಡಿ ಪೂರ್ತಿ ಕಿತ್ತು ಬಂದಿತ್ತು.

ಚೂಡಿ ಎನ್ನುವ ಮಾತನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. ಮೈಸೂರಿನ ಗೆಳೆಯ ಇದಕ್ಕೆ 'ಥ್ರೆಡ್' ಅಂತಾನೆ. ಹೈದರಾಬಾದಿನ ಮೆಕ್ಯಾನಿಕ್ಕುಗಳೂ ಬೀದರಿನ ನಾವೂ 'ಚೂಡಿ' ಅಂತೀವಿ. ಹಿಂದಿ, ಉರ್ದುವಿನಲ್ಲಿ ಚೂಡಿ ಎಂದರೆ ಬಳೆ. ಚಾರ್‌ಮಿನಾರಿನ ಪಕ್ಕ ಲಾಡ್ ಬಜಾರಿನಲ್ಲಿ ಮಾರುವುದೂ ಚೂಡಿಯೇ, ಸ್ಕ್ರೂವಿನ ಮೈಮೇಲೆ ಇರುವುದೂ ಚೂಡಿಯೇ. ಮುಂಗೈ ತುಂಬ ಬಳೆ ತೊಟ್ಟ ಕೈಯನ್ನು ನೆನೆಸಿಕೊಂಡರೆ ಹೋಲಿಕೆ ಗೊತ್ತಾಗುತ್ತದೆ. ವ್ಯತ್ಯಾಸ ಒಂದೇ: ಕೈಯ ಬಳೆಗಳು ಬಿಡಿಬಿಡಿ, ಸ್ಕ್ರೂವಿನದು ತುದಿಯಿಂದ ತಲೆಯವರೆಗೆ ಒಂದೇ ಎಳೆಯಾಗಿ ಸುತ್ತಿ ಏರುವ ಬಳೆ. ಕನ್ನಡ ನಿಘಂಟಿನಲ್ಲಿ ಸ್ಕ್ರೂವಿಗೆ ತಿರುಪು ಎಂಬ ಒಳ್ಳೆಯ ಮಾತಿದೆ. ಅದರ ಮೈಮೇಲಿನ ಏಣಿಗೆ ನನಗೆ ಚೂಡಿಗಿಂತ ಚೆಂದದ ಹೆಸರು ಸಿಕ್ಕಿಲ್ಲ. ಈ ಲೇಖನದಲ್ಲಿ ಅದನ್ನೇ ಬಳಸುತ್ತೇನೆ, ಶುದ್ಧಕನ್ನಡದ ಮಿತ್ರರು ಕ್ಷಮಿಸಲಿ.

ಈಗ ಪಾಠ. ಸ್ಕ್ರೂ ಬಿಗಿಯುವುದು ಎಂದರೆ ಏನು? ಮೊಳೆ ಹೊಡೆದ ಹಾಗೆ ಅದು ಬರೀ ಒಳಗೆ ಹೋಗಿ ಕೂರುವುದಲ್ಲ. ತಲೆ ಮುಚ್ಚಳಕ್ಕೆ ತಾಗಿದ ಮೇಲೆ ತಿರುಗಿಸುವ ಪ್ರತಿ ಅಂಶವೂ ಸ್ಕ್ರೂವಿನ ದಂಡವನ್ನು ಕೂದಲೆಳೆಯಷ್ಟು ಉದ್ದಕ್ಕೆ ಎಳೆಯುತ್ತದೆ. ಎಳೆದ ಉಕ್ಕು ಸ್ಪ್ರಿಂಗಿನಂತೆ ಹಿಂದಕ್ಕೆ ಬರಲು ನೋಡುತ್ತದೆ, ಆ ಸೆಳೆತವೇ ಮುಚ್ಚಳವನ್ನು ಒತ್ತಿ ಹಿಡಿಯುವುದು. ನಾವು ಹಾಕುವ ಬಲದಲ್ಲಿ ಸುಮಾರು ಅರ್ಧ ತಲೆಯ ಕೆಳಗಿನ ತಿಕ್ಕಾಟಕ್ಕೆ, ಉಳಿದುದರಲ್ಲಿ ಬಹುಪಾಲು ಚೂಡಿಯ ತಿಕ್ಕಾಟಕ್ಕೆ ಹೋಗುತ್ತದೆ. ಎಳೆತಕ್ಕೆ ದಕ್ಕುವುದು ಹತ್ತರಲ್ಲಿ ಒಂದು ಪಾಲು. ಆ ಒಂದು ಪಾಲೇ ಎಷ್ಟು ಗೊತ್ತೇ? 6 ಮಿಲಿಮೀಟರಿನ ಸ್ಕ್ರೂವನ್ನು 10 ನ್ಯೂಟನ್ ಮೀಟರಿಗೆ, ಎಂದರೆ 10 ಸೆಂಟಿಮೀಟರಿನ ಪಾನಾದ ತುದಿಗೆ ಸುಮಾರು 10 ಕಿಲೋ ತೂಗಿಬಿಟ್ಟಷ್ಟು ಬಲಕ್ಕೆ ಬಿಗಿದರೆ, ಅದು ಹತ್ತಿರ ಹತ್ತಿರ 800 ಕಿಲೋ ಭಾರದಷ್ಟು ಒತ್ತಿ ಹಿಡಿಯುತ್ತದೆ. ಒಂದು ಎಮ್ಮೆ, ಅದರ ಮೇಲೆ ಇಬ್ಬರು ಮೂವರು ಕೂತ ಹಾಗೆ. ಮುಚ್ಚಳದ ಕಾಗದದ ಗ್ಯಾಸ್ಕೆಟ್ಟಿಗೆ ಅಷ್ಟೂ ಬೇಕಿಲ್ಲ.

ನಾನು ಮಾಡಿದ ಮೊದಲ ತಪ್ಪು ಇಲ್ಲಿ ಕಾಣುತ್ತದೆ. ಆಯಿಲ್ ಸವರಿದ್ದೆ. ಆಯಿಲ್ ತಿಕ್ಕಾಟವನ್ನು ಕಡಿಮೆ ಮಾಡುತ್ತದೆ, ತಿಕ್ಕಾಟ ಕಡಿಮೆಯಾದರೆ ಅದೇ ಕೈಬಲಕ್ಕೆ ಎಳೆತ ಹೆಚ್ಚು. ಒಣ ಸ್ಕ್ರೂವಿನ ಅಂದಾಜಿನಲ್ಲಿ ಎಣ್ಣೆ ಸ್ಕ್ರೂವನ್ನು ತಿರುಗಿಸಿದರೆ ನಮಗೆ ಅರಿವಿಲ್ಲದೆ ಗೆರೆ ದಾಟಿರುತ್ತೇವೆ. ಅದರ ಮೇಲೆ ಪಾನಾ ಬೇರೆ.

ಎರಡನೆಯ ತಪ್ಪು ಇನ್ನೂ ಪೆದ್ದುತನದ್ದು. ಮುಚ್ಚಳದ ಸ್ಕ್ರೂಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ನಾನು ಎಲ್ಲವನ್ನೂ ಒಂದು ಸ್ಟೀಲ್ ಬಟ್ಟಲಿಗೆ ಹಾಕಿದ್ದೆ. ವಾಪಸ್ ಹಾಕುವಾಗ ಉದ್ದದ ತೂತಿಗೆ ಗಿಡ್ಡ ಸ್ಕ್ರೂ ಹೋಗಿತ್ತು. ಅಲ್ಯೂಮಿನಿಯಂ ಉಕ್ಕಿಗಿಂತ ಮೆತ್ತಗೆ. ಉಕ್ಕಿನಲ್ಲಿ ಸ್ಕ್ರೂ ತನ್ನ ದಪ್ಪದಷ್ಟು ಆಳ ಹಿಡಿದರೆ ಸಾಕು, ಅಲ್ಯೂಮಿನಿಯಂನಲ್ಲಿ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಬೇಕು. ಎಂದರೆ 6 ಮಿಲಿಮೀಟರಿನ ಸ್ಕ್ರೂ 9ರಿಂದ 12 ಮಿಲಿಮೀಟರು ಹಿಡಿಯಬೇಕು. ನನ್ನದು ಹಿಡಿದದ್ದು ಐದೋ ಆರೋ. ಭಾರವೂ ಎಲ್ಲ ಸುತ್ತುಗಳ ಮೇಲೆ ಸಮನಾಗಿ ಬೀಳುವುದಿಲ್ಲ. ಬಾಯಿಯ ಹತ್ತಿರದ ಮೊದಲ ಸುತ್ತೇ ಮೂರರಲ್ಲಿ ಒಂದು ಪಾಲು ಹೊರುತ್ತದೆ. ಅದು ಹರಿದರೆ ಭಾರ ಎರಡನೆಯದರ ಮೇಲೆ, ಅದೂ ಹರಿದರೆ ಮೂರನೆಯದು. ಬೆಣ್ಣೆ ಎಂದೆನಲ್ಲ, ಅದು ಹೀಗೆ ಸಾಲಾಗಿ ಹರಿದದ್ದು.

ಒಂದು ರಟ್ಟಿನ ಮೇಲೆ ಮುಚ್ಚಳದ ಆಕಾರ ಗೀಚಿ, ಬಿಚ್ಚಿದ ಸ್ಕ್ರೂವನ್ನು ಆಯಾ ಜಾಗದಲ್ಲೇ ಚುಚ್ಚಿಡಿ. ಎರಡು ನಿಮಿಷದ ಕೆಲಸ.

ಚೂಡಿ ಹೋದ ಸುದ್ದಿ ಹಾಸ್ಟೆಲಿನಲ್ಲಿ ಹರಡಿತು. ಸಲಹೆಗಳಿಗೆ ಬರವೇ? ಒಬ್ಬ ನಲ್ಲಿಗೆ ಸುತ್ತುವ ಬಿಳಿ ಟೇಪ್ ತಂದ. ಒಬ್ಬ ಎಪಾಕ್ಸಿ ಮೆತ್ತು ಅಂದ. ಟೇಪ್ ಸಂದು ತುಂಬುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಎಪಾಕ್ಸಿ ಎಣ್ಣೆ ಹತ್ತಿದ ಲೋಹಕ್ಕೆ ಅಂಟುವುದಿಲ್ಲ. ಅಂಟಿದರೆ ಇನ್ನೂ ಕಷ್ಟ, ಮುಂದೆ ರಿಪೇರಿ ಮಾಡುವವನು ಮೊದಲು ಅದನ್ನು ಕೆರೆಯಬೇಕು. ಮೂರನೆಯವನು ತನ್ನ ಅಣ್ಣನ ಹಳೆಯ ಬುಲೆಟ್ಟಿನ ಡಬ್ಬಿಯಿಂದ ಒಂದು ಸ್ಕ್ರೂ ತಂದು, ಇದು ಚೂರು ದಪ್ಪ ಇದೆ, ಹೊಡೆದು ಕೂರಿಸೋಣ ಅಂದ. ನಾನು ಇನ್ನೇನು ಒಪ್ಪುವವನಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಯಾಕೆಂದು ತಿಳಿಯಲು ಸ್ವಲ್ಪ ಇತಿಹಾಸ ಬೇಕು.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೆ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯದು ಒಂದೊಂದು ಚೂಡಿ. ಒಬ್ಬನ ನಟ್ಟು ಇನ್ನೊಬ್ಬನ ಬೋಲ್ಟಿಗೆ ಕೂರುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್ವರ್ತ್ ಎಂಬ ಎಂಜಿನಿಯರ್ ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಮುಂದಿಟ್ಟ. ಅವನ ಚೂಡಿಯ ಹಲ್ಲಿನ ಕೋನ 55 ಡಿಗ್ರಿ, ಲೆಕ್ಕ ಇಂಚಿನದು. ಯುರೋಪಿನ ಮೆಟ್ರಿಕ್ ಚೂಡಿಯ ಕೋನ 60 ಡಿಗ್ರಿ, ಲೆಕ್ಕ ಮಿಲಿಮೀಟರಿನದು. ನಮ್ಮ ದೇಶಕ್ಕೆ ಎರಡೂ ಬಂದವು. ಮದರಾಸಿನಲ್ಲಿ 1955ರಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾದ ಬುಲೆಟ್ ಇಂಗ್ಲಿಷ್ ಮನೆತನದ್ದು, ಹಳೆಯ ಬುಲೆಟ್ಟುಗಳಲ್ಲಿ ಇಂಚಿನ ಚೂಡಿ. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಜೆಕೊಸ್ಲೊವಾಕಿಯಾದ ಮನೆತನದ್ದು, ಅದರಲ್ಲಿ ಮಿಲಿಮೀಟರಿನ ಚೂಡಿ. ಎರಡು ಗಾಡಿ ಒಂದೇ ಬೇವಿನ ನೆರಳಿನಲ್ಲಿ ನಿಂತರೂ ಸ್ಕ್ರೂಗಳಿಗೆ ಭಾಷೆ ಬೇರೆ.

ಮೋಸ ಎಲ್ಲಿದೆ ಎಂದರೆ ಎರಡರ ಅಳತೆ ಬಹಳ ಹತ್ತಿರ. ಎಂ 6 ಸ್ಕ್ರೂವಿನ ದಪ್ಪ 6 ಮಿಲಿಮೀಟರು, ಒಂದು ಸುತ್ತಿನಿಂದ ಇನ್ನೊಂದಕ್ಕೆ 1 ಮಿಲಿಮೀಟರು. ಕಾಲು ಇಂಚಿನ ಬಿ.ಎಸ್.ಎಫ್. ಸ್ಕ್ರೂವಿನ ದಪ್ಪ 6.35 ಮಿಲಿಮೀಟರು, ಇಂಚಿಗೆ 26 ಸುತ್ತು, ಎಂದರೆ ಸುತ್ತಿಗೆ 0.977 ಮಿಲಿಮೀಟರು. ಕಣ್ಣಿಗೆ ಎರಡೂ ಒಂದೇ. ಸವೆದ ಎಂ 6 ತೂತಿಗೆ ಬಿ.ಎಸ್.ಎಫ್. ಹಾಕಿದರೆ ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಹಿಡಿಯಿತು ಎಂದು ನಾವು ಹಿಗ್ಗುತ್ತೇವೆ. ನಿಜದಲ್ಲಿ ಅದು ಉಳಿದಿದ್ದ ಒಳ್ಳೆಯ ಚೂಡಿಯನ್ನೂ ಓರೆಯಾಗಿ ಅಗೆಯುತ್ತಿರುತ್ತದೆ. ಇನ್ನೂ ಜೋರು ಮಾಡಿದರೆ ತೂತಿನ ಗೋಡೆಯೇ ಸೀಳಬಹುದು. ಹತ್ತು ಸುತ್ತಿಗೆ ಎಷ್ಟು ಮಿಲಿಮೀಟರು ಎಂದು ಸ್ಕೇಲಿಟ್ಟು ಎಣಿಸಿದರೂ ವ್ಯತ್ಯಾಸ ಕಾಲು ಮಿಲಿಮೀಟರಿಗಿಂತ ಕಡಿಮೆ. ಆದ್ದರಿಂದ ಕಣ್ಣನ್ನು ನಂಬದೆ ಪಿಚ್ ಗೇಜ್ ಇಟ್ಟು ನೋಡಬೇಕು. ಅದೂ ಇಲ್ಲವೆಂದರೆ ಒಂದು ಗೊತ್ತಿರುವ ಎಂ 6 ಸ್ಕ್ರೂವನ್ನು ಪಕ್ಕಕ್ಕೆ ಒತ್ತಿ ಹಿಡಿದು ಬೆಳಕಿಗೆ ಎತ್ತಬೇಕು. ಹಲ್ಲಿಗೆ ಹಲ್ಲು ಪೂರ್ತಿ ಕೂತು ನಡುವೆ ಬೆಳಕು ಬರದಿದ್ದರೆ ಒಂದೇ ಜಾತಿ.

ಮರುದಿನ ಸಿಕಂದರಾಬಾದಿನ ರಾಣಿಗಂಜ್ ಕಡೆ ಹೋದೆ. ಪಾನಾ, ಟ್ಯಾಪು, ಡ್ರಿಲ್ಲು, ಬೋಲ್ಟು ಬೇಕಾದವರು ಈ ಊರಿನಲ್ಲಿ ಹೋಗುವುದೇ ಅಲ್ಲಿಗೆ. ಅಂಗಡಿಯವರೊಬ್ಬರು ಪಕ್ಕದ ಓಣಿಯ ವಯಸ್ಸಾದ ಉಸ್ತಾದರನ್ನು ತೋರಿಸಿದರು. ಉಸ್ತಾದರು ಸ್ಕ್ರೂ ನೋಡಿದರು, ಅದಕ್ಕೆ ಸುತ್ತಿದ್ದ ಅಲ್ಯೂಮಿನಿಯಂ ಎಳೆ ನೋಡಿದರು, ನನ್ನ ಮುಖ ನೋಡಿದರು. "ಜೋರ್ ನಕ್ಕೋ ಕರೋ ಬೋಲೇ ತೋ ಕೋಯೀ ಸುನ್ತಾಚ್ ನೈ" ಅಂದರು. ಜೋರು ಮಾಡಬ್ಯಾಡ ಅಂದ್ರೆ ಯಾರೂ ಕೇಳೋದೇ ಇಲ್ಲ ಎಂದು. ದಖನಿಯ 'ನಕ್ಕೋ' ಬೀದರಿನವರಿಗೆ ಅನುವಾದ ಬೇಡ, ಉಳಿದವರಿಗಾಗಿ ಬರೆದೆ.

ಮೊದಲು ಮಾಡಿದ್ದು ನನಗೆ ಹೊಳೆದೇ ಇರಲಿಲ್ಲ. ಒಂದು ಬೆಂಕಿಕಡ್ಡಿಯನ್ನು ತೂತಿಗಿಳಿಸಿ ಉಗುರಿಟ್ಟು ಗುರುತು ಮಾಡಿದರು. 14 ಮಿಲಿಮೀಟರು ಆಳ. ನನ್ನ ಗಿಡ್ಡ ಸ್ಕ್ರೂ ಮೇಲಿನ ಅರ್ಧವನ್ನು ಮಾತ್ರ ಕಿತ್ತಿತ್ತು, ಕೆಳಗೆ ಚೂಡಿ ಉಳಿದಿರಬಹುದು. ಉಳಿದಿದ್ದರೆ ಉದ್ದದ ಸ್ಕ್ರೂ ಹಾಕಿದರೆ ಮುಗಿಯಿತು, ಕೊರೆಯುವ ಮಾತೇ ಇಲ್ಲ. ಹಾಕಿ ನೋಡಿದರು. ತಳದಲ್ಲಿ ಎರಡೇ ಸುತ್ತು ಹಿಡಿಯಿತು, ಸಾಲದು. ಆದರೂ ನಿಮ್ಮಲ್ಲಿ ಯಾರಿಗಾದರೂ ಹೀಗಾದರೆ ಮೊದಲು ಬೆಂಕಿಕಡ್ಡಿ, ಆಮೇಲೆ ಡ್ರಿಲ್ಲು.

ಉಳಿದ ದಾರಿಗಳು ಮೂರು. ತೂತನ್ನು ದೊಡ್ಡದು ಮಾಡಿ 8 ಮಿಲಿಮೀಟರಿನ ಸ್ಕ್ರೂ ಹಾಕುವುದು ಸುಲಭ, ಆದರೆ ಮುಚ್ಚಳದ ತೂತನ್ನೂ ಅಗಲಿಸಬೇಕು, ಕೇಸಿನ ಅಂಚಿನಲ್ಲಿ ಗೋಡೆ ತೆಳ್ಳಗಾಗುತ್ತದೆ. ಅಲ್ಯೂಮಿನಿಯಂ ವೆಲ್ಡ್ ತುಂಬಿ ಹೊಸದಾಗಿ ಕೊರೆಯುವುದು ಇನ್ನೊಂದು. ವರ್ಷಗಟ್ಟಲೆ ಎಣ್ಣೆ ಕುಡಿದ ಎರಕಕ್ಕೆ ವೆಲ್ಡ್ ಸರಿಯಾಗಿ ಹತ್ತುವುದಿಲ್ಲ, ಕಾವಿಗೆ ಮುಚ್ಚಳ ಕೂರುವ ಮುಖ ಸೊಟ್ಟಗಾಗುವ ಭಯವೂ ಇದೆ. ಗೋಡೆ ಒಡೆದಿದ್ದರೆ ಮಾತ್ರ ಆ ದಾರಿ. ಮೂರನೆಯದು ಹೆಲಿಕಾಯಿಲ್.

ಹೆಲಿಕಾಯಿಲ್ ನೋಡಿದಾಗ ನನಗೆ ಮತ್ತೆ ಲಾಡ್ ಬಜಾರ್ ನೆನಪಾಯಿತು. ಗೊಂಬೆಗೆ ತೊಡಿಸುವಂಥ ಪುಟ್ಟ ಸುರುಳಿ ಬಳೆ! ಸ್ಟೇನ್‌ಲೆಸ್ ಉಕ್ಕಿನ ತಂತಿ, ತಂತಿಯ ಅಡ್ಡಸೀಳು ವಜ್ರದ ಆಕಾರ. ಸುರುಳಿಯ ಹೊರಮೈ ಅಲ್ಯೂಮಿನಿಯಂನಲ್ಲಿ ಕೊರೆದ ದೊಡ್ಡ ಚೂಡಿಗೆ ಕೂರುತ್ತದೆ, ಒಳಮೈ ಮೊದಲಿನ ಅದೇ 6 ಮಿಲಿಮೀಟರಿನ ಸ್ಕ್ರೂವಿಗೆ ಚೂಡಿಯಾಗುತ್ತದೆ. ಬಿಡಿಯಾಗಿದ್ದಾಗ ಸುರುಳಿ ತೂತಿಗಿಂತ ತುಸು ದಪ್ಪ. ತಿರುಗಿಸಿ ಇಳಿಸುವಾಗ ಬಿಗಿದುಕೊಂಡು, ಒಳಗೆ ಹೋದ ಮೇಲೆ ಹೊರಕ್ಕೆ ಒತ್ತಿ ಕೂತುಬಿಡುತ್ತದೆ. ಅಂಟು ಬೇಡ. ಎರಡನೆಯ ಮಹಾಯುದ್ಧದ ಕಾಲದಿಂದಲೇ ವಿಮಾನದ ಎಂಜಿನುಗಳಲ್ಲಿ ಬಳಕೆಯಲ್ಲಿರುವ ವಿದ್ಯೆ ಇದು. ಎಂ 6ರ ಸುರುಳಿಯ ಹೊರ ಅಳತೆ ಸುಮಾರು 7.3 ಮಿಲಿಮೀಟರು. ಸುತ್ತಳತೆ ಹೆಚ್ಚಾದಷ್ಟೂ ಹಿಡಿಯುವ ಅಲ್ಯೂಮಿನಿಯಂ ಹೆಚ್ಚು, ಎಂದರೆ ಸುಮಾರು ಐದರಲ್ಲಿ ಒಂದು ಪಾಲು ಜಾಸ್ತಿ. ಮುಂದೆ ಎಷ್ಟು ಸಲ ಬಿಚ್ಚಿ ಹಾಕಿದರೂ ಉಕ್ಕಿಗೆ ಉಕ್ಕು ಉಜ್ಜುತ್ತದೆ, ಅಲ್ಯೂಮಿನಿಯಂ ಸವೆಯುವುದಿಲ್ಲ. ಕೆಟ್ಟ ತೂತು ರಿಪೇರಿಯಾದ ಮೇಲೆ ಕೆಡದ ತೂತಿಗಿಂತ ಗಟ್ಟಿ. ನನಗೆ ಇದು ಮೊದಲು ನಂಬಿಕೆಯಾಗಲಿಲ್ಲ.

ಕೊರೆಯುವ ಹೊತ್ತಿಗೆ ನನ್ನ ಎದೆ ಡವಗುಟ್ಟುತ್ತಿತ್ತು. ಯಾಕಂದ್ರೆ ಇದರಲ್ಲಿ ವಾಪಸ್ ಇಲ್ಲ. ಇರುವ ಲೋಹವನ್ನು ಇನ್ನಷ್ಟು ತೆಗೆದೇ ಸರಿಮಾಡಬೇಕು, ಓರೆಯಾದರೆ ದೊಡ್ಡಪ್ಪನ ಕೇಸ್ ಮುಗಿಯಿತು. ಉಸ್ತಾದರು ಮುಚ್ಚಳವನ್ನು ಉಳಿದ ಸ್ಕ್ರೂಗಳಿಂದ ಮತ್ತೆ ಕೂರಿಸಿದರು. ಮುಚ್ಚಳದ ತೂತು ಆರೂವರೆ ಮಿಲಿಮೀಟರಿನ ಹತ್ತಿರ, ಡ್ರಿಲ್ಲು 6.3. ಆ ತೂತೇ ಡ್ರಿಲ್ಲಿಗೆ ದಾರಿ ತೋರಿಸುವ ಕೊಳವೆಯಾಯಿತು. ಓರೆಯಾಗಬೇಕೆಂದರೂ ಆಗದು. ಮುಚ್ಚಳದ ದಪ್ಪವನ್ನೂ ತೂತಿನ ಆಳವನ್ನೂ ಕೂಡಿಸಿ ಡ್ರಿಲ್ಲಿನ ಮೇಲೆ ಟೇಪ್ ಸುತ್ತಿ ಗುರುತು ಮಾಡಿದ್ದರು. ಗುರುತು ದಾಟಿದರೆ ತಳ ತೂತಾಗಿ ಆಯಿಲ್ ಅಲ್ಲಿಂದಲೇ ಸುರಿಯುತ್ತದೆ. ಡ್ರಿಲ್ಲಿನ ಕಾಲುವೆಗೆ ಗ್ರೀಸ್ ಮೆತ್ತಿದ್ದರಿಂದ ಪುಡಿಯೆಲ್ಲ ಅದಕ್ಕೇ ಅಂಟಿ ಹೊರಬಂತು.

ಆಮೇಲೆ ಮುಚ್ಚಳ ತೆಗೆದು, ಗೇರು ಕ್ಲಚ್ಚಿನ ಕಡೆಗೆ ಬಟ್ಟೆ ತುರುಕಿ, ಹೆಲಿಕಾಯಿಲ್ಲಿಗೇ ಆದ ಟ್ಯಾಪು. ಇದು ಸಾಮಾನ್ಯ ಎಂ 6 ಟ್ಯಾಪು ಅಲ್ಲ, ಅಂಗಡಿಯಲ್ಲಿ ಬಿಡಿಸಿ ಹೇಳಬೇಕು. ಟ್ಯಾಪಿಗೆ ಸೀಮೆಎಣ್ಣೆ. ಅಲ್ಯೂಮಿನಿಯಂ ಒಣಗಿದ್ದರೆ ಟ್ಯಾಪಿಗೆ ಮೆತ್ತಿಕೊಂಡು ಹೊಸ ಚೂಡಿಯನ್ನೇ ಹರಿಯುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಚಿಟ್ ಎಂದು ಎಳೆ ಮುರಿಯುವ ಸಣ್ಣ ಸದ್ದು ಬೆರಳಿಗೇ ಕೇಳಿಸುತ್ತದೆ. ಈ ಕೆಲಸವನ್ನು ನನ್ನ ಕೈಗೆ ಕೊಟ್ಟರು. ಮೂರನೆಯ ಸುತ್ತಿಗೆ ನಾನು ಅವಸರ ಮಾಡಿದಾಗ ಮಣಿಕಟ್ಟು ಹಿಡಿದು ನಿಲ್ಲಿಸಿದರು, ಏನೂ ಅನ್ನಲಿಲ್ಲ.

ಸುರುಳಿ 9 ಮಿಲಿಮೀಟರಿನದು. ಅದರ ತಳದಲ್ಲಿ ಅಡ್ಡಕ್ಕೆ ಒಂದು ಚಿಕ್ಕ ಬಾಲವಿದೆ, ಅದನ್ನು ಹಿಡಿದು ತಿರುಗಿಸಿ ಇಳಿಸುವ ಒಂದು ಕಡ್ಡಿ ಇರುತ್ತದೆ. ಒತ್ತಬಾರದು, ತಿರುಗಿಸಿದರೆ ತಾನೇ ಇಳಿಯುತ್ತದೆ. ಮೇಲಿನ ತುದಿ ಮುಖದಿಂದ ಕಾಲಿನಿಂದ ಅರ್ಧ ಸುತ್ತಿನಷ್ಟು ಕೆಳಗೆ ನಿಲ್ಲಬೇಕು. ಮೇಲೆ ಉಳಿದರೆ ಮುಚ್ಚಳ ಅದರ ಮೇಲೆಯೇ ಕೂತುಬಿಡುತ್ತದೆ. ಕೊನೆಗೆ ಸಣ್ಣ ದಂಡವಿಟ್ಟು ತಟ್ಟಿದರೆ ಬಾಲ ಮುರಿಯುತ್ತದೆ. ಆ ಚೂರನ್ನು ಹೊರಗೆ ತೆಗೆದು ಕಣ್ಣಾರೆ ನೋಡಬೇಕು. ನಾನು ಜಾಣನಂತೆ ಅಯಸ್ಕಾಂತ ಹಿಡಿದೆ. ಉಸ್ತಾದರು ನಕ್ಕರು. ಈ ಜಾತಿಯ ಸ್ಟೇನ್‌ಲೆಸ್ ಉಕ್ಕು ಅಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ. ಕಡ್ಡಿಯ ತುದಿಗೆ ಗ್ರೀಸ್ ಮೆತ್ತಿ ಅದ್ದಿದರು, ಚೂರು ಅಂಟಿ ಬಂತು. ಎಳ್ಳಿನಷ್ಟು ಉಕ್ಕು. ಗೇರಿನ ಹಲ್ಲಿಗೆ ಸಿಕ್ಕಿದ್ದರೆ ಈ ಲೇಖನ ಬೇರೆ ವಿಷಯದ ಮೇಲೆ ಇರುತ್ತಿತ್ತು.

ಮುಚ್ಚಳ ಕೂರಿಸುವಾಗ ಸ್ಕ್ರೂಗಳನ್ನು ಒಂದರ ಎದುರಿಗೆ ಒಂದರಂತೆ, ಎರಡು ಮೂರು ಸರದಿಯಲ್ಲಿ ಬಿಗಿದೆ. ಪಾನಾ ಹಾಕಲಿಲ್ಲ. ಗಾಡಿ ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ತಣ್ಣಗಿದ್ದಾಗ ಅತಿಯಾಗಿ ಬಿಗಿದ ಸ್ಕ್ರೂವಿನ ಮೇಲೆ ಬಿಸಿಯಲ್ಲಿ ಇನ್ನೂ ಎಳೆತ ಬೀಳುತ್ತದೆ. ಇದನ್ನು ನಮ್ಮ ಭೌತಶಾಸ್ತ್ರದ ತರಗತಿಯಲ್ಲಿ ಹಿಗ್ಗುವಿಕೆಯ ಸಹಗುಣಕ ಎಂದು ಬರೆಸಿದ್ದರು. ಪರೀಕ್ಷೆಯಲ್ಲಿ ನಾನು ಆ ಪ್ರಶ್ನೆ ಬಿಟ್ಟಿದ್ದೆ.

ಬಿಗಿಯುವಾಗ ಆ ತೂತಿನ ಬಳಿ ನನ್ನ ಕೈ ತಾನಾಗಿಯೇ ಹಿಂಜರಿಯಿತು. ಉಸ್ತಾದರು ಎರಡು ಬೆರಳಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೊನೆಯ ಕಾಲು ಸುತ್ತು ಕೊಟ್ಟರು. ನಿಂತಿತು. ಬೆಣ್ಣೆಯಾಗಲಿಲ್ಲ.

ಆ ರಾತ್ರಿ ಎಂಜಿನಿನ ಕೆಳಗೆ ಹಳೆಯ ಪತ್ರಿಕೆ ಹಾಸಿ ಮಲಗಿದೆ. ಶನಿವಾರ ಜಹೀರಾಬಾದಿನ ಮೇಲೆ ಬೀದರಿಗೆ ಹೋಗಿ ದೊಡ್ಡಪ್ಪನಿಗೆ ಗಾಡಿ ತೋರಿಸಬೇಕಿತ್ತು. ಬೆಳಿಗ್ಗೆ ನೋಡಿದರೆ ಪತ್ರಿಕೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ. ಎದೆ ಧಸಕ್ಕೆಂದಿತು. ಬೆರಳಿಟ್ಟು ಹುಡುಕಿದೆ. ಹೊಸ ಬಳೆಯ ತೂತಿನ ಸುತ್ತ ಒಣಗಿತ್ತು. ಹನಿ ಬಂದದ್ದು ಕಿಕ್ ಶಾಫ್ಟಿನ ಸೀಲಿನಿಂದ. ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. "ಅದಾ? ಅದು ನಾ ತಂದ ವರ್ಸದಿಂದ್ಲೂ ಸೋರ್ತದ. ಬಾ ನೀ" ಅಂದರು.